ಮನೆಮಾತು ಬಿಡಿಸಬೇಡಿ: ಡೌನ್ ಸಿಂಡ್ರೋಮ್ ಮಕ್ಕಳ ಮಾತು, ಕಲಿಕೆ, ಸ್ವಭಾವ

ರಿಚರ್ಡ್ಸ್ ಟೌನ್‌ನಂತಹ ಬಡಾವಣೆಯಲ್ಲಿ ಮಗುವಿನ ಕಿವಿಗೆ ದಿನವೂ ನಾಲ್ಕು ಭಾಷೆ ಬೀಳುತ್ತದೆ. ಮನೆಯಲ್ಲಿ ದಖನಿ ಉರ್ದು, ಬೀದಿಯಲ್ಲಿ ತಮಿಳು ಮತ್ತು ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಡೌನ್ ಸಿಂಡ್ರೋಮ್ ಇರುವ ಮಗುವಿನ ತಂದೆತಾಯಿಗೆ ಸಾಮಾನ್ಯವಾಗಿ ಸಿಗುವ ಸಲಹೆ, "ಗೊಂದಲವಾಗುತ್ತದೆ, ಇಂಗ್ಲಿಷಿನಲ್ಲಿ ಮಾತ್ರ ಮಾತನಾಡಿಸಿ" ಎಂಬುದು. ಇದಕ್ಕೆ ಆಧಾರವಿಲ್ಲ. ಎರಡು ಭಾಷೆಗಳ ಮನೆಯಲ್ಲಿ ಬೆಳೆದ ಇಂತಹ ಮಕ್ಕಳನ್ನು ಕೆನಡಾದಲ್ಲಿ ಅಧ್ಯಯನ ಮಾಡಿದಾಗ, ಎರಡನೆಯ ಭಾಷೆಯಿಂದ ಮೊದಲನೆಯದಕ್ಕೆ ಹಾನಿಯಾದದ್ದು ಕಂಡುಬರಲಿಲ್ಲ. ಬದಲಿಗೆ, ಅಮ್ಮಿ ತನಗೆ ಸರಿಯಾಗಿ ಬಾರದ ಭಾಷೆಯಲ್ಲಿ ತಡವರಿಸತೊಡಗಿದರೆ ಮಗುವಿಗೆ ಸಿಗುವ ಮಾತೇ ಕಡಿಮೆಯಾಗುತ್ತದೆ. ನಾನಿಯ ಕಥೆಯೂ ಕೈತಪ್ಪುತ್ತದೆ. ಮನೆಮಾತು ಉರ್ದುವಿರಲಿ, ಬ್ಯಾರಿಯಿರಲಿ, ಅದನ್ನೇ ಧಾರಾಳವಾಗಿ ಆಡಿ.

21ನೇ ಕ್ರೋಮೋಸೋಮ್ ಎರಡರ ಬದಲು ಮೂರಿರುವುದೇ ಈ ಸ್ಥಿತಿಗೆ ಕಾರಣವೆಂದು 1959ರಲ್ಲೇ ಪ್ರಕಟವಾಯಿತು. ತಾಯಿಯ ವಯಸ್ಸು ಹೆಚ್ಚಾದಂತೆ ಸಾಧ್ಯತೆ ಹೆಚ್ಚುತ್ತದೆ, ಆದರೆ ಎಳೆಯ ತಾಯಂದಿರಿಗೂ ಇಂತಹ ಮಕ್ಕಳು ಹುಟ್ಟುತ್ತಾರೆ. ಗ್ರಹಣ ನೋಡಿದ್ದರಿಂದ ಬರುವುದಲ್ಲ. ಸೊಸೆಯನ್ನು ದೂರುವವರು ಇದನ್ನು ಎರಡು ಸಲ ಓದಲಿ.

ಈ ಮಕ್ಕಳಿಗೆ ಅರ್ಥವಾಗುವುದು ಹೆಚ್ಚು, ಆಡಲು ಬರುವುದು ಕಡಿಮೆ. ಬಾಯಿಯ ಸ್ನಾಯುಗಳು ಸಡಿಲ. ಕಿವಿಯ ತಮಟೆಯ ಹಿಂದೆ ನೀರು ತುಂಬಿ ಕೇಳಿಸುವುದು ಮಂದವಾಗುವುದೂ ಸಾಮಾನ್ಯ. ಆದ್ದರಿಂದ ಮೊದಲು ಕಿವಿಯ ಪರೀಕ್ಷೆ ಮಾಡಿಸಿ, ಆಮೇಲೂ ಆಗಾಗ ಮಾಡಿಸುತ್ತಿರಿ. ಕೇಳಿದ್ದು ಬೇಗ ಮರೆತುಹೋಗುತ್ತದೆ, ಕಂಡದ್ದು ಉಳಿಯುತ್ತದೆ. "ಪಾನಿ" ಎನ್ನುವಾಗ ಲೋಟ ತೋರಿಸಿ, ಕುಡಿಯುವ ಸನ್ನೆ ಮಾಡಿ. ಸನ್ನೆ ಕಲಿತರೆ ಮಾತು ನಿಂತುಹೋಗುತ್ತದೆಂಬ ಭಯ ಬೇಡ. ಹಣೆಗೆ ಕೈಯೆತ್ತಿ ಸಲಾಂ ಹೇಳಿದರೂ ಅದು ಮಾತೇ, ಉತ್ತರ ಕೊಡಿ. ಚಿತ್ರದ ಕೆಳಗೆ ಪದ ಬರೆದ ಚೀಟಿಗಳು ಶಾಲೆಗೂ ಮದ್ರಸಕ್ಕೂ ಸಲ್ಲುತ್ತವೆ. ಎಷ್ಟೋ ಮಕ್ಕಳು ಹೇಳಲು ಬಾರದ ಪದವನ್ನು ಓದುತ್ತಾ ಹೇಳಲು ಕಲಿಯುತ್ತಾರೆ.

"ಫರಿಶ್ತೆಯಂಥ ಮಗು, ಸದಾ ನಗುತ್ತಿರುತ್ತೆ" ಎನ್ನುವುದು ಪ್ರೀತಿಯ ಮಾತು, ಪೂರ್ತಿ ನಿಜವಲ್ಲ. ಇವರಿಗೂ ಸಿಟ್ಟು, ನಾಚಿಕೆ, ಬೇಸರ ಇವೆ. ಪಾಠ ಕಷ್ಟವಾದಾಗ ಕೆಲವರು ನಕ್ಕು, ಮುದ್ದು ಮಾಡಿ ಜಾರಿಕೊಳ್ಳುತ್ತಾರೆ, ಕೆಲವರು ನೆಲದ ಮೇಲೆ ಕೂತುಬಿಡುತ್ತಾರೆ. ನಾವು ಅದಕ್ಕೆ ಹಟ ಎಂದು ಹೆಸರಿಡುತ್ತೇವೆ. ಪಾಠವನ್ನು ಸಣ್ಣದು ಮಾಡಿ ನೋಡಿ. ಚುರುಕಾಗಿದ್ದ ಮಗು ಇದ್ದಕ್ಕಿದ್ದಂತೆ ಮಂಕಾದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ.

ವಾಕ್ ಚಿಕಿತ್ಸೆಗೆ ದೂರ ಹೋಗಬೇಕಿಲ್ಲ. ಪಕ್ಕದ ಲಿಂಗರಾಜಪುರದಲ್ಲಿ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಮೊದಲ ಭೇಟಿಯಲ್ಲೇ ಮನೆಯ ಭಾಷೆ ಯಾವುದೆಂದು ತಿಳಿಸಿ, ಮಗು ಆಡುವ ಪದಗಳನ್ನೂ ಮಾಡುವ ಸನ್ನೆಗಳನ್ನೂ ಒಂದು ಹಾಳೆಯಲ್ಲಿ ಬರೆದು ಒಯ್ಯಿರಿ.