ಕೆಂಪು ನೀರು ಕಾಣುತ್ತದೆ, ಸೀಸ ಕಾಣುವುದಿಲ್ಲ

ಮಲೆನಾಡಿನ ಎಷ್ಟೋ ಬೋರ್‌ವೆಲ್‌ಗಳ ನೀರನ್ನು ರಾತ್ರಿ ಬಿಳಿ ಬಕೆಟ್ಟಿನಲ್ಲಿ ಹಿಡಿದಿಟ್ಟರೆ ಬೆಳಗಾಗುವಷ್ಟರಲ್ಲಿ ತಳದಲ್ಲಿ ಕೆಂಪು ಗಸಿ ಕೂತಿರುತ್ತದೆ. ಬಿಳಿ ಪಂಚೆಗೆ ಕಲೆ, ಬಾಯಿಗೆ ತುಕ್ಕಿನ ರುಚಿ. ಜನ ಗಾಬರಿಯಾಗುವುದು, ನಗರಸಭೆಗೆ ದೂರು ಒಯ್ಯುವುದು ಇಂಥ ನೀರು ಬಂದಾಗ. ಆದರೆ ಈ ಕೆಂಪು ಕಬ್ಬಿಣದ್ದು. ನೀರಿನಲ್ಲಿ ಸಾಮಾನ್ಯವಾಗಿ ಸಿಗುವ ಪ್ರಮಾಣದಲ್ಲಿ ಅದರಿಂದ ಕಿರಿಕಿರಿಯೇ ಹೆಚ್ಚು, ಅಪಾಯ ಕಡಿಮೆ. ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್, ಪಾದರಸ ಹಾಗಲ್ಲ. ಅವು ಬೆರೆತ ನೀರು ತಿಳಿಯಾಗಿಯೇ ಇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲೂ ಪತ್ತೆಯಿಲ್ಲ.

ಶಿವಮೊಗ್ಗ ಮತ್ತು ಭದ್ರಾವತಿಯ ಮಟ್ಟಿಗೆ ಈ ವ್ಯತ್ಯಾಸ ಬಹಳ ಮುಖ್ಯ. ಎರಡೂ ಹೊಳೆ ದಂಡೆಯ ಊರುಗಳು. ಒಂದು ತುಂಗೆಯ ನೀರು ಕುಡಿಯುತ್ತದೆ, ಇನ್ನೊಂದು ಭದ್ರೆಯದು. ಕೂಡ್ಲಿಯಲ್ಲಿ ಎರಡೂ ಸೇರಿ ತುಂಗಭದ್ರೆಯಾಗಿ ಹೊನ್ನಾಳಿ, ಹರಿಹರದ ಕಡೆ ಹರಿಯುತ್ತವೆ. ಇಲ್ಲಿ ಹೊಳೆಗೆ ಬಿಟ್ಟದ್ದು ಅಲ್ಲಿನವರ ಮನೆಬಾಗಿಲಿಗೆ ಹೋಗುತ್ತದೆ.

ಭದ್ರಾವತಿಯನ್ನು ಬೆಳೆಸಿದ್ದೇ ಕಾರ್ಖಾನೆಗಳು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಮುಂದಾಳತ್ವದಲ್ಲಿ ಕಟ್ಟಿದ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ, ಅಂದರೆ ಎಂಪಿಎಂ, ಸ್ಥಾಪನೆಯಾಯಿತು. ನ್ಯೂಟೌನ್, ಪೇಪರ್ ಟೌನ್ ಎಂಬ ಹೆಸರುಗಳೇ ಆ ಚರಿತ್ರೆ ಹೇಳುತ್ತವೆ. ಸಾವಿರಾರು ಮನೆಗಳಿಗೆ ಅನ್ನ ಕೊಟ್ಟ ಕಾರ್ಖಾನೆಗಳಿವು. ಊರಿನವರು ಇವತ್ತಿಗೂ ಅವುಗಳ ಬಗ್ಗೆ ಅಭಿಮಾನದಿಂದಲೇ ಮಾತಾಡುತ್ತಾರೆ, ಅದು ನ್ಯಾಯವೂ ಹೌದು. ಈಗ ಎಂಪಿಎಂ ನಿಂತು ವರ್ಷಗಳಾದವು, ವಿಐಎಸ್‌ಎಲ್ ಎಂದು ಹೆಸರಾದ ಆ ಹಳೆಯ ಕಬ್ಬಿಣದ ಕಾರ್ಖಾನೆ ಕುಂಟುತ್ತಿದೆ. ಹೊಗೆ ಕಡಿಮೆಯಾಗಿದೆ, ನೊರೆ ಕಡಿಮೆಯಾಗಿದೆ, ಇನ್ನು ಹೊಳೆ ತಾನಾಗಿಯೇ ಶುದ್ಧವಾಗುತ್ತದೆ ಎಂದು ನಂಬುವುದು ಸುಲಭ.

ಲೋಹದ ವಿಷಯದಲ್ಲಿ ಈ ನಂಬಿಕೆ ನಿಲ್ಲುವುದಿಲ್ಲ. ಚರಂಡಿಯ ಕೊಳೆಯನ್ನು ಹೊಳೆಯ ಸೂಕ್ಷ್ಮಜೀವಿಗಳು ತಿಂದು ಕರಗಿಸುತ್ತವೆ, ಲೋಹವನ್ನು ಯಾವ ಜೀವಿಯೂ ಕರಗಿಸಿ ಇಲ್ಲವಾಗಿಸಲಾರದು. ಕುಲುಮೆಯ ದೂಳು, ಬೂದಿ, ಎರಕದ ಮನೆಗಳ ಮರಳು ಇವುಗಳಲ್ಲಿ ಸತು, ಸೀಸ, ಮ್ಯಾಂಗನೀಸ್, ಕ್ರೋಮಿಯಂ ಇರುವುದು ಲೋಕದ ಎಲ್ಲ ಉಕ್ಕಿನ ಊರುಗಳಲ್ಲೂ ಕಂಡ ಸಂಗತಿ. ಮಳೆಗೆ ತೊಳೆದು ಹೊಳೆ ಸೇರಿದ ಲೋಹ ಜೇಡಿಗೆ ಅಂಟಿಕೊಂಡು ಹೂಳಿನಲ್ಲಿ ಕೂರುತ್ತದೆ. ಭದ್ರಾವತಿ ಬಳಿಯ ಭದ್ರೆಯ ಹೂಳಿನಲ್ಲಿರುವ ಲೋಹಗಳ ಕುರಿತು ಎಸ್. ಮಂಜಪ್ಪ ಮತ್ತು ಇ.ಟಿ. ಪುಟ್ಟಯ್ಯ ನಡೆಸಿದ ಅಧ್ಯಯನ 2005ರಷ್ಟು ಹಿಂದೆಯೇ ಪ್ರಕಟವಾಗಿದೆ. ಅಂಥ ಅಳತೆ ವರ್ಷವರ್ಷವೂ ನಡೆಯಬೇಕಿತ್ತು.

ಹೂಳಿನಲ್ಲಿ ಕೂತ ಲೋಹ ಅಲ್ಲೇ ಇದ್ದರೆ ಚಿಂತೆ ಕಡಿಮೆ. ಅದನ್ನು ಎಬ್ಬಿಸುವವರು ನಾವೇ. ಮರಳು ತೆಗೆಯುವಾಗ ಹೂಳು ಕದಡುತ್ತದೆ. ಊರಿನ ಒಳಚರಂಡಿ ನೀರು ಹಾಗೇ ಸೇರಿದರೆ ತಳದಲ್ಲಿ ಆಮ್ಲಜನಕ ಮುಗಿಯುತ್ತದೆ. ಆಗ ಕಬ್ಬಿಣ-ಮ್ಯಾಂಗನೀಸಿನ ಪದರ ಕರಗಿ, ಅದು ಹಿಡಿದಿಟ್ಟುಕೊಂಡಿದ್ದ ಆರ್ಸೆನಿಕ್ ಮುಂತಾದವು ಮತ್ತೆ ನೀರಿಗೆ ಬಿಡುಗಡೆಯಾಗುತ್ತವೆ. ಶೌಚದ ನೀರಿಗೂ ಭಾರಲೋಹಕ್ಕೂ ಸಂಬಂಧವಿರುವುದು ಹೀಗೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಗುರುತಿಸಿದ ರಾಜ್ಯದ 17 ಕಲುಷಿತ ನದಿಗಳ ಪಟ್ಟಿಯಲ್ಲಿ ತುಂಗೆಯೂ ಇತ್ತು, ಭದ್ರೆಯೂ ಇತ್ತು. ಆದರೆ ಆ ಪಟ್ಟಿಗೆ ಆಧಾರ ಬಿಒಡಿ, ಅಂದರೆ ಕೊಳೆಯುವ ವಸ್ತುಗಳ ಅಳತೆ. ಲೋಹದ ಲೆಕ್ಕ ಅದರಲ್ಲಿ ಬರುವುದಿಲ್ಲ.

ಲೋಹವನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆಯಿದೆ. ಅಮೆರಿಕದ ಮಿಶಿಗನ್ ರಾಜ್ಯದ ಫ್ಲಿಂಟ್ ಕೂಡ ಭದ್ರಾವತಿಯ ಹಾಗೆ ಕಾರ್ಖಾನೆಯಿಂದ ಬೆಳೆದು ಕಾರ್ಖಾನೆ ಸೊರಗಿದಾಗ ಬಡವಾದ ಊರು. ಖರ್ಚು ಉಳಿಸಲು 2014ರ ಏಪ್ರಿಲ್‌ನಲ್ಲಿ ಅಲ್ಲಿ ಫ್ಲಿಂಟ್ ನದಿಯ ನೀರು ಕೊಡಲು ಶುರುಮಾಡಿದರು. ಪೈಪು ಸವೆಯದಂತೆ ಹಾಕಬೇಕಾದ ರಾಸಾಯನಿಕ ಹಾಕಲಿಲ್ಲ. ನಲ್ಲಿಯಲ್ಲಿ ಕಂದು ನೀರು ಬಂತು. ಜನ ಬಾಟಲಿಯಲ್ಲಿ ಹಿಡಿದು ತಂದು ತೋರಿಸಿದರೂ ಅಧಿಕಾರಿಗಳು ನೀರು ಸುರಕ್ಷಿತ ಎಂದೇ ಹೇಳಿದರು. ಇಂಜಿನ್ ಬಿಡಿಭಾಗ ತುಕ್ಕು ಹಿಡಿಯುತ್ತದೆಂದು ಜನರಲ್ ಮೋಟರ್ಸ್ ಅದೇ ವರ್ಷದ ಅಕ್ಟೋಬರಿನಲ್ಲಿ ಆ ನೀರಿನ ಬಳಕೆ ಬಿಟ್ಟಿತು. ಮಕ್ಕಳು ಕುಡಿಯುತ್ತಲೇ ಇದ್ದರು. ಕಣ್ಣಿಗೆ ಕಂಡದ್ದು ಕಬ್ಬಿಣ, ಅದರ ಜೊತೆ ಹಳೆಯ ಪೈಪುಗಳಿಂದ ಕಾಣದೇ ಬಂದದ್ದು ಸೀಸ. 2015ರಲ್ಲಿ ಮಕ್ಕಳ ವೈದ್ಯೆ ಮೋನಾ ಹನ್ನಾ-ಅಟಿಶಾ ಮಕ್ಕಳ ರಕ್ತಪರೀಕ್ಷೆಯ ಅಂಕಿಗಳನ್ನು ಮುಂದಿಟ್ಟ ಮೇಲೆಯೇ ಸರ್ಕಾರ ಕಣ್ಣು ತೆರೆದದ್ದು.

ಸೀಸಕ್ಕೆ ಸುರಕ್ಷಿತ ಮಟ್ಟವೆಂಬುದೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದೇಹ ಅದನ್ನು ಕ್ಯಾಲ್ಸಿಯಂ ಎಂದು ತಪ್ಪು ತಿಳಿದು ಮೂಳೆಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಒಂದೇ ನೀರು ಕುಡಿದರೂ ಮಕ್ಕಳ ಕರುಳು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಸೀಸ ಹೀರುತ್ತದೆ. ಬುದ್ಧಿ ಮಂದವಾಗುವುದು, ಗಮನ ನಿಲ್ಲದಿರುವುದು ಇದರ ಫಲ. ಹುಡುಗಿಯಾಗಿದ್ದಾಗ ಮೂಳೆ ಸೇರಿದ ಸೀಸ ಅವಳು ಬಸುರಿಯಾದಾಗ ಹೊರಬಂದು ಹೊಟ್ಟೆಯ ಕೂಸಿಗೂ ತಲುಪುತ್ತದೆ. ಕ್ಯಾಡ್ಮಿಯಂ ಮೂತ್ರಪಿಂಡವನ್ನು ಹಿಡಿಯುತ್ತದೆ. ಆರ್ಸೆನಿಕ್ ಅಂಗೈ ಅಂಗಾಲಿನಲ್ಲಿ ಗಂಟುಗಂಟಾದ ದಪ್ಪ ಚರ್ಮವಾಗಿ ಕಾಣಿಸಿಕೊಂಡು, ಕೊನೆಗೆ ಕ್ಯಾನ್ಸರಿಗೂ ದಾರಿಯಾಗುತ್ತದೆ. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯ ಕಿರದಳ್ಳಿ ತಾಂಡಾದ ಜನ ಇದನ್ನು ಮೈಮೇಲೆ ಹೊತ್ತವರು. ಹಳೆಯ ಮಂಗಳೂರು (ಕರಾವಳಿಯದಲ್ಲ) ಚಿನ್ನದ ಗಣಿ ಹತ್ತಿರದ ಆ ತಾಂಡಾದಲ್ಲಿ ಕೈಪಂಪಿನ ನೀರು ನೋಡಲು ತಿಳಿಯಾಗಿಯೇ ಇತ್ತು.

ನಮ್ಮ ದೇಶದ ಐಎಸ್ 10500 ಮಾನದಂಡದಂತೆ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಸೀಸ 0.01 ಮಿಲಿಗ್ರಾಂ, ಕ್ಯಾಡ್ಮಿಯಂ 0.003, ಪಾದರಸ 0.001 ಮೀರಬಾರದು. ಹಳ್ಳಿಗಳಲ್ಲಿ ಬಳಸುವ ಪರೀಕ್ಷಾ ಕಿಟ್ ಗಡಸುತನ, ಫ್ಲೋರೈಡ್, ನೈಟ್ರೇಟ್, ಕಬ್ಬಿಣ ಹೇಳುತ್ತದೆಯೇ ಹೊರತು ಈ ಮೂರನ್ನಲ್ಲ. ಇವಕ್ಕೆ ಪ್ರಯೋಗಾಲಯದ ದೊಡ್ಡ ಯಂತ್ರಗಳೇ ಬೇಕು. ಕುದಿಸಿದರೆ ರೋಗಾಣು ಸಾಯುತ್ತದೆ. ಲೋಹ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಆರ್‌ಒ ಯಂತ್ರ ಬಹುಪಾಲನ್ನು ತಡೆಯುತ್ತದಾದರೂ ಎಲ್ಲರ ಮನೆಯಲ್ಲಿ ಅದಿಲ್ಲ. ಹಿತ್ತಾಳೆ ನಲ್ಲಿ, ಹಳೆಯ ಬೆಸುಗೆ ಇರುವ ಮನೆಗಳಲ್ಲಿ ರಾತ್ರಿಯಿಡೀ ಪೈಪಿನಲ್ಲಿ ನಿಂತ ಮೊದಲ ನೀರನ್ನು ಪಾತ್ರೆ ತೊಳೆಯಲು, ಗಿಡಕ್ಕೆ ಬಳಸಿ, ಆಮೇಲೆ ಕುಡಿಯಲು ಹಿಡಿಯುವುದು ಒಳ್ಳೆಯದು.

ಆದರೆ ಇದು ಮನೆಮನೆಯಲ್ಲಿ ಮುಗಿಯುವ ಕೆಲಸವಲ್ಲ. ಶಿವಮೊಗ್ಗ ಪಾಲಿಕೆ, ಭದ್ರಾವತಿ ನಗರಸಭೆ, ನಗರ ನೀರು ಸರಬರಾಜು ಮಂಡಳಿ ಇವು ಮಳೆಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆಯಾದರೂ ನಲ್ಲಿ ನೀರು ಮತ್ತು ಹೊಳೆಯ ಹೂಳು ಎರಡರ ಲೋಹಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ವಾರ್ಡುವಾರು ಕನ್ನಡದಲ್ಲಿ ಪ್ರಕಟಿಸಬೇಕು. ಅಲ್ಲಿಯವರೆಗೆ ಓದುಗರು ಮಾಹಿತಿ ಹಕ್ಕಿನ ಅರ್ಜಿಯಲ್ಲಿ ನೀರು ಶುದ್ಧವೇ ಎಂದು ಕೇಳುವುದನ್ನು ಬಿಟ್ಟು, ನಮ್ಮ ಬಡಾವಣೆಯ ನಲ್ಲಿಯಲ್ಲಿ ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್, ಪಾದರಸ, ಕ್ರೋಮಿಯಂ ಎಷ್ಟಿವೆ, ಯಾವ ದಿನ ಯಾವ ಪ್ರಯೋಗಾಲಯದಲ್ಲಿ ಅಳೆದಿರಿ ಎಂದು ಹೆಸರು ಹಿಡಿದು ಕೇಳಲಿ.