ಲಾರಿ ತೇಲುವುದೇಕೆ?

ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಅರಬ್ಬೀ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ. ನಡುವಣ ದಾರಿಯಲ್ಲಿ ಹಗಲಿರುಳೂ ಲಾರಿಗಳ ಓಡಾಟ. ಗಂಗೊಳ್ಳಿಯ ಮೀನು, ಕೆಂಪುಕಲ್ಲು, ಹಂಚು, ತೆಂಗಿನಕಾಯಿ ಎಲ್ಲವೂ ಬ್ರಹ್ಮಾವರ, ಕುಂದಾಪುರ, ಬೈಂದೂರುಗಳನ್ನು ಪೋಣಿಸಿದ ಈ ದಾರಿಯನ್ನೇ ನೆಚ್ಚಿಕೊಂಡಿವೆ. ಇಂಥ ಲಾರಿಯೊಂದರ ಪಾಟಾ ತುಂಡಾಯಿತೆನ್ನಿ. ಒಡೆಯನು ಹಣ ಸುರಿದು ಹೊಸ ಪಾಟಾ ಹಾಕಿಸುತ್ತಾನೆ. ಆದರೆ ಗಾಡಿ ಹಿಂದಿನಂತೆ ಓಡುವುದಿಲ್ಲ. ಸೇತುವೆಯ ಬಾಯಲ್ಲಿ ಒಮ್ಮೆ ಕುಸಿದರೆ ಮತ್ತೆ ಮತ್ತೆ ಏಳುತ್ತದೆ, ಬೀಳುತ್ತದೆ. ಅಳಿವೆಯ ಅಲೆಗೆ ಸಿಕ್ಕ ದೋಣಿಯಂತೆ ತೇಲುತ್ತದೆ. ಹೊಸ ಸಾಮಾನು ಹಾಕಿದ ಮೇಲೂ ಹೀಗೇಕೆ?

ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಎರಡು ಮಾತುಗಳನ್ನು ಬೇರ್ಪಡಿಸಿಕೊಳ್ಳಬೇಕು. ಮೆತ್ತಗಿರುವುದು ಬೇರೆ, ತೇಲುವುದು ಬೇರೆ. ಗಾಡಿ ಎಷ್ಟು ಕುಸಿಯುತ್ತದೆಂಬುದು ಪಾಟಾದ ಬಿಗಿತಕ್ಕೆ ಸೇರಿದ ವಿಚಾರ. ಕುಸಿದದ್ದು ಎಷ್ಟು ಬೇಗ ಅಡಗುತ್ತದೆಂಬುದು ಘರ್ಷಣೆಗೆ ಸೇರಿದ್ದು. ಪಾಟಾ ಹೊಡೆತದ ಶಕ್ತಿಯನ್ನು ಕೂಡಿಟ್ಟು ಹಿಂದಕ್ಕೆ ಕೊಡುತ್ತದೆಯೇ ಹೊರತು ಅದನ್ನು ಬಹುಮಟ್ಟಿಗೆ ಅಳಿಸುವುದಿಲ್ಲ. ಅಳಿಸುವ ಕೆಲಸ ಬೇರೆಯವರದು.

ಮೊದಲು ಬಿಗಿತವನ್ನು ನೋಡೋಣ. ಭಾರ ಇಮ್ಮಡಿಸಿದರೆ ಸ್ಪ್ರಿಂಗಿನ ಬಾಗು ಇಮ್ಮಡಿಸುತ್ತದೆ ಎಂಬ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ ೧೬೭೮ರಲ್ಲಿ ಪ್ರಕಟಿಸಿದನು. ಇದರಿಂದ ಸುಲಭವಾದ ಲೆಕ್ಕವೊಂದು ದೊರೆಯುತ್ತದೆ. ಹೊತ್ತ ಭಾರಕ್ಕೆ ಪಾಟಾ ಎಷ್ಟು ಸೆಂಟಿಮೀಟರ್ ಬಾಗಿದೆಯೋ ಅದರ ವರ್ಗಮೂಲದಿಂದ ೩೦೦ನ್ನು ಭಾಗಿಸಿದರೆ, ಗಾಡಿ ನಿಮಿಷಕ್ಕೆ ಸುಮಾರು ಎಷ್ಟು ಸಲ ತೂಗುತ್ತದೆಂಬುದು ತಿಳಿಯುತ್ತದೆ. ೯ ಸೆಂಟಿಮೀಟರ್ ಬಾಗಿದ ಪಾಟಾ ನಿಮಿಷಕ್ಕೆ ೧೦೦ ಸಲ, ೧೬ ಸೆಂಟಿಮೀಟರ್ ಬಾಗಿದ್ದು ೭೫ ಸಲ ತೂಗುತ್ತದೆ. ಮೆತ್ತನೆಯ ಪಾಟಾದ ತೂಗು ನಿಧಾನವಾದದ್ದು.

ಪಾಟಾ ಇಷ್ಟು ಮೆತ್ತಗಾಗಲು ದೊಡ್ಡ ವ್ಯತ್ಯಾಸವೇನೂ ಬೇಡ. ಅದರ ಬಿಗಿತ ಬ್ಲೇಡುಗಳ ಎಣಿಕೆಗೆ ತಕ್ಕಂತೆ ಹೆಚ್ಚುತ್ತದೆ, ನಿಜ. ಆದರೆ ದಪ್ಪಕ್ಕೆ ಅದರ ಘನದಂತೆ ಹೆಚ್ಚುತ್ತದೆ. ೧೨ ಮಿಲಿಮೀಟರ್ ದಪ್ಪದ ಬ್ಲೇಡುಗಳಿದ್ದ ಕಡೆ ಅಷ್ಟೇ ಉದ್ದ, ಅಗಲ, ಎಣಿಕೆಯ ೧೦ ಮಿಲಿಮೀಟರಿನವನ್ನು ಹಾಕಿದರೆ ಬಿಗಿತ ನೂರಕ್ಕೆ ೫೮ಕ್ಕೆ ಇಳಿದುಹೋಗುತ್ತದೆ. ಎರಡು ಮಿಲಿಮೀಟರ್ ಕಣ್ಣಿಗೆ ಕಾಣದು, ಹೆದ್ದಾರಿಯಲ್ಲಿ ಕಾಣುತ್ತದೆ.

ಹೇಗೆಂದರೆ, ತೊಟ್ಟಿಲನ್ನು ಅದರ ತೂಗಿಗೆ ಸರಿಯಾಗಿ ತಳ್ಳಿದಾಗ ಸಣ್ಣ ಕೈಯೂ ಅದನ್ನು ಎತ್ತರಕ್ಕೆ ಏರಿಸುತ್ತದೆ. ರಸ್ತೆಯೂ ಹಾಗೆಯೇ ತಳ್ಳಬಲ್ಲುದು. ಮಣ್ಣು ಕುಸಿದ ಕಡೆ ಹನ್ನೆರಡು ಮೀಟರಿಗೊಂದರಂತೆ ಸಣ್ಣ ಏರುತಗ್ಗುಗಳಿವೆ ಎಂದಿಟ್ಟುಕೊಳ್ಳೋಣ. ಗಂಟೆಗೆ ೫೪ ಕಿಲೋಮೀಟರ್ ವೇಗದ ಗಾಡಿಗೆ ನಿಮಿಷಕ್ಕೆ ೭೫ ತಳ್ಳು ಬೀಳುತ್ತದೆ. ಮೆತ್ತಗಾದ ಪಾಟಾದ ತೂಗೂ ೭೫! ತಳ್ಳು ತೂಗಿಗೆ ತಾಳ ಹಾಕುತ್ತದೆ. ಹಳೆಯ ಪಾಟಾಕ್ಕೆ ಇದೇ ಪಾಡು ಬರುವುದು ಗಂಟೆಗೆ ೭೨ ಕಿಲೋಮೀಟರ್ ವೇಗದಲ್ಲಿ. ಭಾರ ಹೊತ್ತು ಅಷ್ಟು ವೇಗವಾಗಿ ಓಡಿಸದ ಚಾಲಕನಿಗೆ ಅದು ಎಂದೂ ಗೋಚರಿಸಿರಲಾರದು.

ಇನ್ನು ಘರ್ಷಣೆಯ ಮಾತು. ಅನೇಕ ಬ್ಲೇಡುಗಳ ಹಳೆಯ ಬಗೆಯ ಪಾಟಾ ಬಾಗುವಾಗ ಬ್ಲೇಡುಗಳು ಒಂದನ್ನೊಂದು ಉಜ್ಜುತ್ತವೆ. ಆ ಉಜ್ಜಾಟವೇ ತೂಗಾಟವನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆ. ಕಡಲ ತೀರದ ಉಪ್ಪುಗಾಳಿಗೆ ತುಕ್ಕು ಹಿಡಿದ ಪಾಟಾದಲ್ಲಿ ಈ ಘರ್ಷಣೆ ಎಷ್ಟು ಬೆಳೆಯುತ್ತದೆಂದರೆ, ಸಣ್ಣ ಹೊಡೆತಗಳಿಗೆ ಅದು ಬಾಗುವುದೇ ಇಲ್ಲ. ಅದನ್ನು ತೆಗೆದು ಹೊಸದನ್ನು ಹಾಕಿದಾಗ ಗಾಡಿ ಮೆತ್ತಗಾದಂತೆ ತೋರುವುದು ಸಹಜ. ಇಷ್ಟು ಮಾತ್ರವಾದರೆ ಅದು ದೋಷವಲ್ಲ. ಆದರೆ ತುದಿಯತ್ತ ತೆಳುವಾಗುತ್ತ ಹೋಗುವ, ಎರಡು ಮೂರೇ ಬ್ಲೇಡುಗಳ ಪ್ಯಾರಾಬೋಲಿಕ್ ಪಾಟಾದಲ್ಲಿ ಉಜ್ಜಾಟ ಬಹಳ ಕಡಿಮೆ. ಅಲ್ಲಿ ತೂಗನ್ನು ಅಡಗಿಸುವ ಹೊರೆಯೆಲ್ಲ ಶಾಕ್ ಅಬ್ಸಾರ್ಬರಿನದು. ಅದು ಸವೆದಿದ್ದರೂ ಹಳೆಯ ಪಾಟಾದ ತುಕ್ಕು ಇಷ್ಟು ದಿನ ಆ ಕುಂದನ್ನು ಮುಚ್ಚಿಟ್ಟಿತ್ತು. ಹೊಸ ಪಾಟಾ ಬಂದೊಡನೆ ಕುಂದು ಬಯಲಾಯಿತು.

ಶಾಕ್ ಅಬ್ಸಾರ್ಬರಿನೊಳಗೆ ಎಣ್ಣೆ ತುಂಬಿದ ಕೊಳವೆ, ಅದರಲ್ಲಿ ಸಣ್ಣ ರಂಧ್ರಗಳುಳ್ಳ ಪಿಸ್ಟನ್. ಪಿಸ್ಟನ್ ಚಲಿಸಬೇಕಾದರೆ ಎಣ್ಣೆ ಆ ರಂಧ್ರಗಳಲ್ಲಿ ನುಸುಳಬೇಕು. ಈ ಒದ್ದಾಟದಲ್ಲಿ ತೂಗಿನ ಶಕ್ತಿ ಬಿಸಿಯಾಗಿ ಹೊರಟುಹೋಗುತ್ತದೆ.

ಪರೀಕ್ಷೆಗೆ ಈ ತತ್ತ್ವವೇ ಸಾಕು. ಮೊದಲು ಟೈರುಗಳ ಗಾಳಿಯನ್ನು ಅಳೆಯಿರಿ. ಗಾಳಿ ಕಡಮೆಯಾದ ಟೈರೂ ಒಂದು ಮೆತ್ತನೆಯ ಸ್ಪ್ರಿಂಗೇ. ಬಳಿಕ ಸಮತಟ್ಟಾದ ನೆಲದಲ್ಲಿ, ಸರಕು ಹೊತ್ತಾಗ, ಎರಡೂ ಮಗ್ಗುಲುಗಳ ಎತ್ತರ ನೋಡಿರಿ. ತೆಗೆದ ಪಾಟಾವನ್ನು ಪಕ್ಕದಲ್ಲಿಟ್ಟು ಹೊಸದರ ಬ್ಲೇಡುಗಳ ಎಣಿಕೆಯನ್ನೂ ದಪ್ಪವನ್ನೂ ಹೋಲಿಸಿರಿ. ಅನಂತರ ಗಾಡಿಯನ್ನು ಉಬ್ಬಿನ ಮೇಲೆ ನಿಧಾನವಾಗಿ ದಾಟಿಸಿ, ಹೊರಗೆ ನಿಂತು ತೂಗು ಎಣಿಸಿರಿ. ಒಂದೆರಡರಲ್ಲಿ ಅಡಗಿದರೆ ಶಾಕ್ ಅಬ್ಸಾರ್ಬರ್ ಸರಿಯಾಗಿದೆ. ನಾಲ್ಕೈದು ಸಲ ಮುಂದುವರಿದರೆ ಅದು ಸೋತಿದೆ.

ಸೋತದ್ದು ಯಾವುದು? ಹಾಳು ರಸ್ತೆಯಲ್ಲಿ ಹತ್ತಾರು ಕಿಲೋಮೀಟರ್ ಓಡಿಸಿ ನಿಲ್ಲಿಸಿರಿ. ಚಕ್ರಗಳಿಗೆ ಅಡೆ ಕೊಟ್ಟು ಒಂದೊಂದರ ಸಮೀಪವೂ ಅಂಗೈ ಹಿಡಿಯಿರಿ. ದುಡಿದದ್ದು ಕೈಸುಡುವಷ್ಟು ಬಿಸಿಯಾಗಿರಬಹುದಾದ್ದರಿಂದ ಥಟ್ಟನೆ ಮುಟ್ಟಬಾರದು. ಉಳಿದವು ಬಿಸಿಯಾಗಿದ್ದು ಒಂದು ಮಾತ್ರ ತಣ್ಣಗಿದ್ದರೆ ಅದು ದುಡಿದಿಲ್ಲ. ಎಣ್ಣೆ ಸೋರಿದೆಯೆ, ಬುಷ್ ಸವೆದಿದೆಯೆ, ಹೊಸ ಪಾಟಾ ಗಾಡಿಯನ್ನು ಎತ್ತಿದ್ದರಿಂದ ಅದರ ಉದ್ದ ಸಾಲದೆ ಹೋಯಿತೆ ನೋಡಬೇಕು. ಹೊಸದಾದರೂ ಅಡ್ಡ ಮಲಗಿಸಿಟ್ಟ ಎರಡು ಕೊಳವೆಯ ಬಗೆಯದರಲ್ಲಿ ಗಾಳಿ ಎಣ್ಣೆಯೊಳಗೆ ಸೇರಿರುತ್ತದೆ. ನೆಟ್ಟಗೆ ಹಿಡಿದು ಕೆಲವು ಸಲ ಎಳೆದು ಒತ್ತಿದ ಮೇಲೆಯೇ ಜೋಡಿಸಬೇಕು.

ಗಾಡಿ ಮೇಲೆಕೆಳಗೆ ತೂಗದೆ ಎಡಬಲಕ್ಕೆ ಅಲೆದರೆ ದೋಷ ಬೇರೆಡೆ ಇದೆ. ಯು-ಬೋಲ್ಟು ಸಡಿಲವಾಗಿ ಅಚ್ಚು ಸರಿದಿರಬಹುದು. ಹೊಸ ಪಾಟಾ ಕೂತುಕೊಳ್ಳುತ್ತ ಬಂದಂತೆ ಬೋಲ್ಟು ಸಡಿಲಗೊಳ್ಳುವುದರಿಂದ ಕೆಲವು ದಿನ ಓಡಿದ ಮೇಲೆ ಮತ್ತೊಮ್ಮೆ ಬಿಗಿಸುವುದು ಅಗತ್ಯ.

ತೇಲಾಟಕ್ಕೆ ಕೂಡಲೇ ತೋಚುವ ಮದ್ದು ಮತ್ತೊಂದು ಬ್ಲೇಡು ಸೇರಿಸುವುದು. ಅದರಿಂದ ತೂಗಿನ ವೇಗ ಬದಲಾಗುತ್ತದೆಯೇ ಹೊರತು ತೂಗು ಅಡಗುವುದಿಲ್ಲ. ಖಾಲಿ ಗಾಡಿ ಕಲ್ಲಿನಂತೆ ಕುಕ್ಕುತ್ತದೆ, ಆ ಹೊಡೆತ ಚಾಸಿಗೆ ಬೀಳುತ್ತದೆ.

ಇದು ಕೇವಲ ಸುಖಪ್ರಯಾಣದ ಮಾತಲ್ಲ. ತೂಗುವ ಗಾಡಿಯ ಚಕ್ರ ಪ್ರತಿ ಏಳುವಿಕೆಯಲ್ಲಿಯೂ ನೆಲದ ಮೇಲಿನ ಒತ್ತು ಕಳೆದುಕೊಳ್ಳುತ್ತದೆ. ಒತ್ತು ಕಡಮೆಯಾದ ಚಕ್ರಕ್ಕೆ ಬ್ರೇಕು ಹಿಡಿಯದು. ಬಾಳೆಬರೆ ಘಾಟಿಯನ್ನೋ ಕೊಲ್ಲೂರು ಘಾಟಿಯನ್ನೋ ತುಂಬುಭಾರದಲ್ಲಿ ಇಳಿಯುವಾಗ ತಿರುವಿನಲ್ಲಿ ಮತ್ತೆ ಮತ್ತೆ ವಾಲುವ ಸರಕಿಗೆ ಕ್ಷಮೆಯೆಂಬುದಿಲ್ಲ. ಆದ್ದರಿಂದ ಪಾಟಾ ಬದಲಿಸುವ ದಿನವೇ ಶಾಕ್ ಅಬ್ಸಾರ್ಬರುಗಳನ್ನೂ ಪರೀಕ್ಷಿಸುವುದು ಜಾಣತನ. ಒಂದು ಭಾರವನ್ನು ಹೊರುತ್ತದೆ, ಇನ್ನೊಂದು ಅದನ್ನು ಅಂಕೆಯಲ್ಲಿಡುತ್ತದೆ. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.