ಕೆರೆಯ ಹಸಿರಿಗೆ ಲೆಕ್ಕವಿಟ್ಟವರಾರು?

ತರೀಕೆರೆ ತಾಲ್ಲೂಕಿನ ಕಲ್ಲತ್ತಿಗಿರಿ ಜಲಪಾತದಲ್ಲಿ ಬಂಡೆಯ ಮೇಲೆ ಕಾಲಿಟ್ಟು ಜಾರಿದವರು ಪಾಚಿಯನ್ನು ಶಪಿಸಿರುತ್ತಾರೆ. ಹರಿಯುವ ನೀರಿನ ಕಲ್ಲುಗಳಿಗೆ ಅಂಟಿರುವ ಇಂಥ ಕಂದು ಲೋಳೆಯಲ್ಲಿ ಸಾಮಾನ್ಯವಾಗಿ ಹೇರಳವಾಗಿರುವುದು ಡಯಾಟಮ್ ಎಂಬ ಏಕಕೋಶ ಜೀವಿ. ಮರಳಿನಲ್ಲಿರುವ ಸಿಲಿಕಾವನ್ನೇ ನೀರಿನಿಂದ ಹೀರಿ ತನ್ನ ಸುತ್ತ ಗಾಜಿನ ಕವಚ ಕಟ್ಟಿಕೊಳ್ಳುವ ಕುಶಲಿ ಇದು. ಭೂಮಿಯ ಮೇಲಿನ ಒಟ್ಟು ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಐದನೆಯ ಒಂದು ಪಾಲು ಡಯಾಟಮ್‌ಗಳದೆಂದು ಅಂದಾಜು. ನಮ್ಮ ಸಾಗರ, ಜೋಗದ ನೀರಿನ ಡಯಾಟಮ್‌ಗಳನ್ನು ವಿಜ್ಞಾನಿ ಎಚ್.ಪಿ. ಗಾಂಧಿಯವರು ಕಳೆದ ಶತಮಾನದ ಮಧ್ಯಭಾಗದಲ್ಲೇ ಅಭ್ಯಸಿಸಿದ್ದರು.

ಈ ಜೀವಿಯ ವೈಭವವನ್ನು ಕಾಣಬೇಕಾದರೆ ನಾರ್ವೆಯ ಉತ್ತರಕ್ಕಿರುವ ಬ್ಯಾರೆಂಟ್ಸ್ ಸಮುದ್ರದತ್ತ ನೋಡಬೇಕು. ಚಳಿಗಾಲದ ಬಿರುಗಾಳಿ ಆಳದ ನೀರನ್ನು ಕಡೆದು ನೈಟ್ರೇಟ್, ಸಿಲಿಕಾಗಳನ್ನು ಮೇಲಕ್ಕೆ ತರುತ್ತದೆ. ಆದರೆ ಆಗ ಬೆಳಕಿಲ್ಲ. ವಸಂತದಲ್ಲಿ ಸೂರ್ಯ ಮರಳಿದೊಡನೆ ಡಯಾಟಮ್‌ಗಳು ಕೋಟಿ ಕೋಟಿಯಾಗಿ ಹೆಚ್ಚುತ್ತವೆ. ಕೆಲವೇ ವಾರಗಳಲ್ಲಿ ಪೋಷಕಾಂಶ ಬರಿದಾಗಿ ಸುಗ್ಗಿ ಮುಗಿಯುತ್ತದೆ. ಅವುಗಳನ್ನು ಸಣ್ಣ ಸಿಗಡಿಯಂಥ ಜೀವಿಗಳು ತಿನ್ನುತ್ತವೆ, ಅವನ್ನು ಚಿಕ್ಕ ಮೀನು, ಚಿಕ್ಕ ಮೀನನ್ನು ಕಾಡ್ ಮೀನು.

ಬೆಳಕು, ಪೋಷಕಾಂಶ, ನೀರಿನ ಕಲಕಾಟ: ಕಡೂರು ತಾಲ್ಲೂಕಿನ ಅಯ್ಯನಕೆರೆ, ಮದಗದ ಕೆರೆಗಳನ್ನು ಆಳುವುದೂ ಇವೇ ಮೂರು. ಬೆಳಕಿಗೆ ನಮ್ಮಲ್ಲಿ ಕೊರತೆಯಿಲ್ಲ. ತೊಡಕಿರುವುದು ಉಳಿದೆರಡರಲ್ಲಿ. ಗಾಜಿನ ಕವಚದ ಭಾರಕ್ಕೆ ಡಯಾಟಮ್ ನಿಂತ ನೀರಿನಲ್ಲಿ ಮುಳುಗಿಹೋಗುತ್ತದೆ. ಬೇಸಿಗೆಯಲ್ಲಿ ಕೆರೆ ತಗ್ಗಿ, ಕಾದು, ನಿಶ್ಚಲವಾದಾಗ ಮೇಲೇಳುವುದು ನೀಲಿ-ಹಸಿರು ಪಾಚಿ. ಅದರ ಕೆಲವು ಬಗೆಗಳಿಗೆ ತೇಲಲು ಒಡಲೊಳಗೇ ಗಾಳಿಚೀಲಗಳಿವೆ. ಈರುಳ್ಳಿ ಹೊಲದ, ಅಡಿಕೆ ತೋಟದ ಗೊಬ್ಬರ, ಊರಿನ ಚರಂಡಿ ನೀರು ಕೆರೆಗೆ ಸೇರಿದಾಗ ಸಾರಜನಕ, ರಂಜಕಗಳು ಏರುತ್ತವೆ, ಸಿಲಿಕಾ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಸಿಲಿಕಾದ ಹಂಗಿಲ್ಲದ ನೀಲಿ-ಹಸಿರು ಪಾಚಿಗೆ ಇದು ಹಬ್ಬ.

ಬೇಸಿಗೆಯಲ್ಲಿ ಬಯಲುಸೀಮೆಯ ಕೆರೆ ಏರಿಗಳ ಮೇಲೆ ನಡೆವಾಗ ಬಣ್ಣ ಬಳಿದಂಥ ಹಸಿರು ನೀರನ್ನು ನಾನು ಕಂಡಿದ್ದೇನೆ. ಕೆರೆಯಲ್ಲಿ ನೀರಿದೆಯಲ್ಲ ಎಂಬ ಸಮಾಧಾನದಲ್ಲಿ ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ರಾತ್ರಿ ಈ ಪಾಚಿರಾಶಿ ನೀರಿನ ಆಮ್ಲಜನಕವನ್ನು ಹೀರಿದರೆ ಬೆಳಗಿನ ಜಾವಕ್ಕೆ ಮೀನುಗಳು ತೇಲುತ್ತವೆ. ಕೆಲವು ಬಗೆಯ ಪಾಚಿ ಪಿತ್ತಜನಕಾಂಗವನ್ನು ಕೆಡಿಸುವ ವಿಷ ಸ್ರವಿಸುತ್ತದೆ. ನೀರು ಕುದಿಸಿದರೂ ಅದು ನಾಶವಾಗದು. ಅಮೃತಮಹಲ್ ತಳಿಯಿಂದ ಹೆಸರಾದ ಅಜ್ಜಂಪುರದ ಸೀಮೆಯಲ್ಲಿ ದನಗಳು ಕುಡಿಯುವ ನೀರಿನ ಬಗ್ಗೆ ಇಷ್ಟಾದರೂ ತಿಳಿದಿರಬೇಡವೇ?

ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ನೀರೆತ್ತಿ ಅಜ್ಜಂಪುರದ ಸುರಂಗದ ಮೂಲಕ ಪೂರ್ವಕ್ಕೆ ಹರಿಸುವ ಭದ್ರಾ ಮೇಲ್ದಂಡೆ ಯೋಜನೆಯಲ್ಲಿ 367 ಕೆರೆಗಳನ್ನು ತುಂಬಿಸುವ ಉದ್ದೇಶವಿದೆ. ಅದು ಬೇಕಾದ ಕೆಲಸವೇ. ಆದರೆ ಟಿಎಂಸಿ ಲೆಕ್ಕದಲ್ಲಿ ಜಗಳವಾಡುವ ನಾವು, ಚರಂಡಿ ಸೇರುವ ಕೆರೆಗೆ ಹೊಳೆಯ ನೀರು ಬಿಟ್ಟರೆ ಅಲ್ಲಿ ಏನು ಬೆಳೆದೀತು ಎಂದು ಕೇಳುತ್ತಿಲ್ಲ. ದುಬಾರಿ ಪ್ರಯೋಗಾಲಯವೇನೂ ಬೇಡ. ವಿಜ್ಞಾನ ಕಲಿಸುವ ಕಾಲೇಜುಗಳ ಸೂಕ್ಷ್ಮದರ್ಶಕದಡಿ ತಿಂಗಳಿಗೊಮ್ಮೆ ಆಯಾ ಕೆರೆಯ ಹನಿ ನೀರಿಟ್ಟರೆ ಡಯಾಟಮ್ ಹೆಚ್ಚಿದೆಯೋ ನೀಲಿ-ಹಸಿರು ಪಾಚಿಯೋ ವಿದ್ಯಾರ್ಥಿಗಳೇ ಹೇಳಿಯಾರು. ಅಲ್ಲಿಯವರೆಗೆ, ಗಾಳಿ ತಳ್ಳಿದ ಹಸಿರು ಕೆನೆ ಯಾವ ದಡದಲ್ಲಿ ಕಟ್ಟಿದೆಯೋ ಅಲ್ಲಿ ದನ ಇಳಿಸಬೇಡಿ ಎಂದು ಪಂಚಾಯಿತಿಗಳು ಡಂಗುರವನ್ನಾದರೂ ಸಾರಿಸಬಹುದು.